ಎರಡು ಸರ್ವರ್, ಒಂದೂವರೆ ಆಳು: ಪ್ರಾಕ್ಸ್‌ಮಾಕ್ಸ್ ಬಳಸಿ ನೋಡಿದ ಮೇಲೆ

ತುಮಕೂರಿನ ಒಂದು ವಿಶ್ವವಿದ್ಯಾಲಯ ವಿಭಾಗದಲ್ಲಿ ನಾನು ಹಿರಿಯ ಸಿಸ್ಟಮ್ಸ್ ಅಡ್ಮಿನಿಸ್ಟ್ರೇಟರ್. ಹುದ್ದೆಯ ಹೆಸರಿನಲ್ಲಿ ‘ಹಿರಿಯ’ ಎಂಬ ಮಾತಿದ್ದರೂ ನನ್ನ ಕೈಕೆಳಗೆ ಕಿರಿಯರು ಯಾರೂ ಇಲ್ಲ. ಇರುವವರು ಪ್ರಯೋಗಾಲಯದ ಸಹಾಯಕರೊಬ್ಬರೇ. ಅವರ ಅರ್ಧ ದಿನ ವಿದ್ಯಾರ್ಥಿಗಳ ಪ್ರಾಯೋಗಿಕ ತರಗತಿಗಳಿಗೆ ಹೋಗುತ್ತದೆ, ಉಳಿದರ್ಧ ನನ್ನ ಪಾಲಿಗೆ ಬರುತ್ತದೆ. ಹೀಗೆ ಒಂದೂವರೆ ಆಳು ನೋಡಿಕೊಳ್ಳಬೇಕಾದ ಎರಡು ಸರ್ವರ್‌ಗಳ ಮೇಲೆ 2024ರ ಬೇಸಿಗೆ ರಜೆಯಿಂದ ಪ್ರಾಕ್ಸ್‌ಮಾಕ್ಸ್ ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ತಂತ್ರಾಂಶ ಓಡುತ್ತಿದೆ. ಇದರ ಗುಣದೋಷಗಳನ್ನು ನಾನು ಅಳೆಯುವ ಕೋಲು ಒಂದೇ: ನಾನು ಊರಿನಲ್ಲಿಲ್ಲದ ದಿನ ಏನಾದರೂ ಕೆಟ್ಟರೆ, ನಮ್ಮ ಸಹಾಯಕರು ಫೋನು ಕಿವಿಗಿಟ್ಟುಕೊಂಡು ಅದನ್ನು ಸರಿಪಡಿಸಬಲ್ಲರೇ?

ತಿಳಿಯದವರಿಗಾಗಿ ಎರಡು ಮಾತು. ಒಂದೇ ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ನಡೆಸುವ ವರ್ಚುವಲೀಕರಣದ ತಂತ್ರಾಂಶವಿದು. ಆಸ್ಟ್ರಿಯಾದ ವಿಯೆನ್ನಾದಲ್ಲಿರುವ ಸಂಸ್ಥೆಯೊಂದು 2008ರಲ್ಲಿ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅಡಿಪಾಯ ಡೆಬಿಯನ್ ಲಿನಕ್ಸ್. ವರ್ಚುವಲ್ ಮಷೀನ್‌ಗಳಿಗೆ (ಚಿಕ್ಕದಾಗಿ ವಿಎಂ) 2007ರಿಂದ ಲಿನಕ್ಸ್ ಕರ್ನೆಲ್‌ನ ಭಾಗವಾಗಿರುವ ಕೆವಿಎಂ, ಹಗುರವಾದ ಕಂಟೇನರ್‌ಗಳಿಗೆ ಎಲ್‌ಎಕ್ಸ್‌ಸಿ. ಅಂದರೆ ಇದರ ಒಳಗಿರುವ ಬಹುಪಾಲು ಸಾಮಾನು ಇವರದೇ ಸೃಷ್ಟಿಯಲ್ಲ. ಇವರ ಹೆಚ್ಚುಗಾರಿಕೆಯಿರುವುದು ಅವೆಲ್ಲವನ್ನೂ ಒಂದು ಬ್ರೌಸರ್ ಪರದೆಯ ಹಿಂದೆ ಅಚ್ಚುಕಟ್ಟಾಗಿ ಜೋಡಿಸಿರುವುದರಲ್ಲಿ.

ಇದಕ್ಕೆ ಮೊದಲು ನಮ್ಮಲ್ಲಿದ್ದದ್ದು ಇದೇ ಕೆಲಸ ಮಾಡುವ, ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ, ಅದರಲ್ಲೂ ಉಚಿತ ಆವೃತ್ತಿ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು, ಡಿಸೆಂಬರ್‌ನಲ್ಲಿ ಶಾಶ್ವತ ಪರವಾನಗಿಗಳ ಮಾರಾಟ ನಿಂತಿತು, 2024ರ ಫೆಬ್ರುವರಿಯಲ್ಲಿ ಉಚಿತ ಆವೃತ್ತಿಯೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಅದು ಮರಳಿ ಬಂದಿತಾದರೂ ಅಷ್ಟರಲ್ಲಿ ನಾವು ಮನೆ ಬದಲಿಸಿಯಾಗಿತ್ತು. ಇದರ ಬಗ್ಗೆ ನನಗೆ ದೂರೇನೂ ಇಲ್ಲ. ಪುಕ್ಕಟೆ ಕೊಡುವವರು ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂಬುದು ಗೊತ್ತಿದ್ದೇ ಬಳಸಿದ್ದೆವು.

ಹೊಸ ತಂತ್ರಾಂಶ ತರುವುದಕ್ಕೆ ಸರ್ವರ್‌ಗಿಂತ ಮೊದಲು ಕಡತ ಸಿದ್ಧವಾಗಬೇಕು. 1999ರ ಪಾರದರ್ಶಕತೆ ಕಾಯ್ದೆಯಡಿ ಖರೀದಿ ಮಾಡಿ ರೂಢಿಯಿರುವ ಕಚೇರಿಗೆ ಸೊನ್ನೆ ರೂಪಾಯಿಯ ವಸ್ತುವೊಂದು ದೊಡ್ಡ ಒಗಟಾಯಿತು. ಬೆಲೆಯಿಲ್ಲದ ಮೇಲೆ ದಾಸ್ತಾನು ವಹಿಯಲ್ಲಿ ಬರೆಯುವುದೇ ಬೇಡವೇ, ಬರೆದರೆ ಬಿಲ್ ಸಂಖ್ಯೆಯ ಕಾಲಂನಲ್ಲಿ ಏನು ಹಾಕುವುದು, ನಾಳೆ ಲೆಕ್ಕಪರಿಶೋಧನೆಗೆ ಬಂದವರು ಲೈಸೆನ್ಸ್ ಎಲ್ಲಿ ಎಂದರೆ ಏನು ತೋರಿಸುವುದು ಎಂದು ಅಧೀಕ್ಷಕರು ಕೇಳಿದ ಪ್ರಶ್ನೆಗಳೆಲ್ಲವೂ ನ್ಯಾಯವಾದವೇ. ಕೊನೆಗೆ ಪ್ರಾಕ್ಸ್‌ಮಾಕ್ಸ್ ಬಿಡುಗಡೆಯಾಗುವ ಎಜಿಪಿಎಲ್ ಮೂರನೇ ಆವೃತ್ತಿಯ ಪರವಾನಗಿಯನ್ನು ಪೂರ್ತಿ ಮುದ್ರಿಸಿ, ಪುಟ ಸಂಖ್ಯೆ ಹಾಕಿ, ಟಿಪ್ಪಣಿ ಹಾಳೆಯ ಹಿಂದೆ ಲಗತ್ತಿಸಿದೆ. ‘ಇದನ್ನು ಓದೋರು ಯಾರು ಸಾರ್?’ ಎಂದು ಅವರು ಕೇಳಿದರು. ಓದುವವರು ಇಲ್ಲದಿದ್ದರೂ ಕಡತಕ್ಕೆ ತೂಕ ಬರುತ್ತದೆ ಮೇಡಂ ಎಂದೆ. ಸಹಿಯಾಯಿತು.

ಅನುಸ್ಥಾಪನೆ ಅರ್ಧ ಗಂಟೆಯ ಕೆಲಸ. ಆದರೆ ಅದಕ್ಕೆ ಮುಂಚೆ ನಿರ್ಧರಿಸಬೇಕಾದ ಎರಡು ಸಂಗತಿಗಳಿಗೆ ನಾನು ವಾರಗಟ್ಟಲೆ ತೆಗೆದುಕೊಂಡೆ, ಮತ್ತು ಆ ವಾರಗಳು ವ್ಯರ್ಥವಾಗಲಿಲ್ಲ. ಮೊದಲನೆಯದು ಡಿಸ್ಕುಗಳ ವಿಚಾರ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಡಿಸ್ಕುಗಳನ್ನು ನಿರ್ವಹಿಸುವ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಬಳಸಬೇಕೆಂದರೆ ಡಿಸ್ಕುಗಳು ನೇರವಾಗಿ ಅದರ ಕೈಗೆ ಸಿಗಬೇಕು. ಸರ್ವರ್‌ನ ರೇಡ್ ಕಾರ್ಡು ನಡುವೆ ಕುಳಿತು ಎಲ್ಲ ಡಿಸ್ಕುಗಳನ್ನೂ ಒಂದೇ ಎಂದು ತೋರಿಸಬಾರದು. ನಮ್ಮ ಒಂದು ಸರ್ವರ್‌ನ ಕಾರ್ಡನ್ನು ಡಿಸ್ಕುಗಳನ್ನು ಇದ್ದಂತೆಯೇ ಬಿಟ್ಟುಕೊಡುವ ಎಚ್‌ಬಿಎ ಮೋಡ್‌ಗೆ ಹಾಕಲು ಬಂತು, ಇನ್ನೊಂದರದು ಒಪ್ಪಲಿಲ್ಲ. ಅದಕ್ಕಾಗಿ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಳಸಿದ ಕಾರ್ಡೊಂದನ್ನು ಹುಡುಕಿ ತಂದೆ. ಹಳೆಯ ಸರ್ವರ್‌ಗಳ ಮೇಲೆ ಇದನ್ನು ಹಾಕಬೇಕೆಂದಿರುವವರು ಮೊದಲು ಕಾರ್ಡಿನ ಮಾದರಿ ಸಂಖ್ಯೆ ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ಹೆಸರು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಸರ್ವರ್‌ಗೆ ಒಮ್ಮೆ ಇಟ್ಟ ಹೆಸರನ್ನು, ಅದರಲ್ಲೂ ಸರ್ವರ್‌ಗಳನ್ನು ಸೇರಿಸಿ ಕ್ಲಸ್ಟರ್ ಎಂಬ ಗುಂಪು ಕಟ್ಟಿ ವಿಎಂಗಳು ಕುಳಿತ ಮೇಲೆ, ಬದಲಿಸುವುದು ಬಹಳ ಕಷ್ಟ. ವಿಎಂಗಳ ಸೆಟ್ಟಿಂಗ್ಸ್‌ಗಳೆಲ್ಲ ಆ ಹೆಸರಿನ ಫೋಲ್ಡರ್‌ನೊಳಗೇ ಇರುತ್ತವೆ. 2014ರ ನವೆಂಬರ್ 1ರಂದು ಊರಿನ ಹೆಸರೇ ಇಂಗ್ಲಿಷಿನಲ್ಲಿ ತುಮ್ಕೂರ್ ಹೋಗಿ ತುಮಕೂರು ಆದರೂ, ನಮ್ಮ ಹಳೆಯ ಸರ್ವರ್‌ಗಳ ಹೆಸರಿನಲ್ಲಿ ಹಳೆಯ ಕಾಗುಣಿತವೇ ಹತ್ತು ವರ್ಷ ಉಳಿದಿತ್ತು. ಈ ಬಾರಿ ದೇವರಾಯನದುರ್ಗದಲ್ಲಿ ಹುಟ್ಟುವ ಎರಡು ನದಿಗಳ ಹೆಸರನ್ನಿಟ್ಟೆವು: ಜಯಮಂಗಲಿ, ಶಿಂಷಾ. ಯಾವ ಸರ್ಕಾರ ಬಂದರೂ ನದಿಗಳ ಹೆಸರು ಬದಲಾಗಲಾರದು ಎಂಬುದು ನಮ್ಮ ಲೆಕ್ಕಾಚಾರ.

ಹಳೆಯ ಮನೆಯಿಂದ ಹೊಸ ಮನೆಗೆ ಸಾಮಾನು ಸಾಗಿಸುವ ಕೆಲಸಕ್ಕೆ ಒಳ್ಳೆಯ ಮುಹೂರ್ತವೇ ಸಿಕ್ಕಿತ್ತು ಎನ್ನಬೇಕು. ಇಎಸ್‌ಎಕ್ಸ್‌ಐನಿಂದ ವಿಎಂಗಳನ್ನು ನೇರವಾಗಿ ಎಳೆದುಕೊಳ್ಳುವ ಸೌಲಭ್ಯ 2024ರ ಏಪ್ರಿಲ್‌ನಲ್ಲಿ ಬಂದ 8.2ನೇ ಆವೃತ್ತಿಯಲ್ಲಿ ಸೇರಿತ್ತು, ನಾವು ಕೆಲಸ ಶುರುಮಾಡಿದ್ದು ಮೇ ತಿಂಗಳಿನಲ್ಲಿ. ಹಳೆಯ ಸರ್ವರ್‌ನ ವಿಳಾಸ ಮತ್ತು ಪಾಸ್‌ವರ್ಡ್ ಕೊಟ್ಟರೆ ಅದರೊಳಗಿನ ವಿಎಂಗಳ ಪಟ್ಟಿ ಪರದೆಯ ಮೇಲೆ ಬರುತ್ತದೆ. ಒಂದನ್ನು ಆರಿಸಿ, ಎಷ್ಟು ಮೆಮೊರಿ, ಯಾವ ನೆಟ್‌ವರ್ಕ್ ಎಂದು ಹೇಳಿ ಒತ್ತಿದರೆ ಸಾಕು. ಒಂಬತ್ತು ವಿಎಂಗಳಲ್ಲಿ ಏಳು ಮೊದಲ ಸಲಕ್ಕೇ ಬಂದವು, ಆದರೆ ಬಂದ ಏಳರಲ್ಲಿ ಒಂದಕ್ಕೂ ನೆಟ್‌ವರ್ಕ್ ಇರಲಿಲ್ಲ. ಕಾರಣ ಸಣ್ಣದು. ಹಳೆಯ ಮನೆಯಲ್ಲಿ ಲಿನಕ್ಸ್ ತನ್ನ ನೆಟ್‌ವರ್ಕ್ ಕಾರ್ಡನ್ನು ಇಎನ್‌ಎಸ್160 ಎಂದು ಕರೆಯುತ್ತಿತ್ತು, ಹೊಸ ಮನೆಯಲ್ಲಿ ಇಎನ್‌ಎಸ್18 ಎನ್ನುತ್ತದೆ. ಐಪಿ ವಿಳಾಸ ಬರೆದಿದ್ದ ಕಡತದಲ್ಲಿ ಹಳೆಯ ಹೆಸರೇ ಉಳಿದಿತ್ತು. ಕನ್ಸೋಲಿನಲ್ಲಿ ಹೋಗಿ ಏಳು ಕಡೆ ಅಷ್ಟು ಬದಲಿಸಿದ್ದಾಯಿತು. ಉಳಿದೆರಡು ವಿಂಡೋಸ್ ಸರ್ವರ್‌ಗಳು. ಅವಕ್ಕೆ ಹೊಸ ಮನೆಯ ವರ್ಚುವಲ್ ಡಿಸ್ಕನ್ನು ಓದುವ ವರ್ಟ್‌ಐಒ ಡ್ರೈವರ್ ಗೊತ್ತಿಲ್ಲದೆ ನೀಲಿ ಪರದೆ ತೋರಿಸಿ ಕುಳಿತವು. ಮೊದಲು ಡಿಸ್ಕನ್ನು ವಿಂಡೋಸ್‌ಗೆ ಪರಿಚಿತವಾದ ಸಾಟಾ ಎಂದು ಜೋಡಿಸಿ ಎಬ್ಬಿಸಬೇಕು, ಆಮೇಲೆ ಒಂದು ಜಿಬಿಯ ಖಾಲಿ ವರ್ಟ್‌ಐಒ ಡಿಸ್ಕನ್ನು ಪಕ್ಕಕ್ಕೆ ಕೊಟ್ಟು ಡ್ರೈವರ್ ಹಾಕಬೇಕು, ನಂತರ ವಿಎಂ ಅನ್ನು ಆಫ್ ಮಾಡಿ ಮುಖ್ಯ ಡಿಸ್ಕನ್ನೂ ವರ್ಟ್‌ಐಒಗೆ ಬದಲಿಸಬೇಕು. ದಾರಿ ಗೊತ್ತಿದ್ದರೆ ಇಪ್ಪತ್ತು ನಿಮಿಷ. ಗೊತ್ತಿಲ್ಲದ ನನಗೆ ಒಂದು ಇಡೀ ಭಾನುವಾರ.

ದಿನನಿತ್ಯದ ಬಳಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹೇಳುವಂಥದ್ದು ಏನೂ ನಡೆಯುವುದಿಲ್ಲ, ಅದೇ ಅದರ ಗುಣ. ಬ್ರೌಸರಿನಲ್ಲಿ 8006ನೇ ಪೋರ್ಟ್ ತೆರೆದರೆ ಎರಡೂ ನದಿಗಳು ಎಡಗಡೆ ಕಾಣುತ್ತವೆ. ಯಾವ ವಿಎಂ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬುದೂ ಕಾಣುತ್ತದೆ, ರಾತ್ರಿಯ ಕೆಲಸಗಳಲ್ಲಿ ಯಾವುದು ಕೆಟ್ಟಿತು ಎಂಬುದು ಕೆಳಗಿನ ಪಟ್ಟಿಯಲ್ಲಿ ಕೆಂಪು ಬಣ್ಣದಲ್ಲಿ ಬರುತ್ತದೆ. ಝಡ್‌ಎಫ್‌ಎಸ್ ಸರ್ವರ್‌ನ ಅರ್ಧ ಮೆಮೊರಿ ನುಂಗುತ್ತದೆ ಎಂಬ ಹಳೆಯ ದೂರು ಹೊಸದಾಗಿ ಹಾಕುವವರಿಗೆ ಅನ್ವಯಿಸದು, 8.1ರಿಂದೀಚೆಗೆ ಇನ್‌ಸ್ಟಾಲರ್ ಅದಕ್ಕೆ ಒಟ್ಟು ಮೆಮೊರಿಯ ಶೇ. 10ರಷ್ಟು, ಗರಿಷ್ಠ 16 ಜಿಬಿ ಎಂಬ ಮಿತಿ ಹಾಕುತ್ತದೆ. ಪರದೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ. ಕೊರಿಯನ್, ಜಾರ್ಜಿಯನ್, ಬಾಸ್ಕ್ ಎಲ್ಲ ಇರುವಾಗ ಇದು ಅವರ ತಪ್ಪಲ್ಲ, ಅನುವಾದಿಸಿ ಕೊಡದ ನಮ್ಮಂಥವರ ಸೋಮಾರಿತನ ಎಂದೇ ಹೇಳಬೇಕು.

ನಿಜವಾದ ಬೆಲೆ ಗೊತ್ತಾಗುವುದು ಜೊತೆಗೆ ಬಳಸುವ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್‌ನಲ್ಲಿ. ಇದು 2020ರಲ್ಲಿ ಬಂದ ಬೇರೆಯದೇ ತಂತ್ರಾಂಶ, ಬೇರೆ ಯಂತ್ರದ ಮೇಲೆ ಹಾಕಬೇಕು. ಲ್ಯಾಬಿನಿಂದ ನಿವೃತ್ತಿಯಾದ ಡೆಸ್ಕ್‌ಟಾಪ್ ಒಂದಕ್ಕೆ ನಾಲ್ಕು ಟಿಬಿಯ ಎರಡು ಡಿಸ್ಕು ಜೋಡಿಸಿ, ಬೇರೆ ಕಟ್ಟಡದ ಕೊಠಡಿಯಲ್ಲಿ ಇಟ್ಟಿದ್ದೇವೆ. ಇದು ವಿಎಂಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಈಗಾಗಲೇ ಇರುವ ತುಂಡನ್ನು ಮತ್ತೆ ಬರೆಯದೆ ಬಿಡುತ್ತದೆ. ಓಡುತ್ತಿರುವ ವಿಎಂನಲ್ಲಿ ಹಿಂದಿನ ಬ್ಯಾಕಪ್‌ನಿಂದೀಚೆಗೆ ಬದಲಾದ ಭಾಗಗಳನ್ನಷ್ಟೇ ಓದುತ್ತದೆ. ಹಾಗಾಗಿ ಒಂಬತ್ತು ವಿಎಂಗಳ ಒಂದು ತಿಂಗಳ ಪ್ರತಿಗಳು ಆ ಹಳೆಯ ಡೆಸ್ಕ್‌ಟಾಪಿನಲ್ಲಿ ಇನ್ನೂ ಜಾಗ ಬಿಟ್ಟು ಕುಳಿತಿವೆ. ಇಡೀ ವಿಎಂ ಮರಳಿ ತರದೆ ಒಳಗಿನ ಒಂದೇ ಕಡತವನ್ನು ಹೊರತೆಗೆಯಬಹುದು. ಪ್ರಾಧ್ಯಾಪಕರೊಬ್ಬರು ಅಳಿಸಿಬಿಟ್ಟ ಪ್ರಶ್ನೆಪತ್ರಿಕೆಯನ್ನು ಅವರು ಟೀ ಕುಡಿದು ಮುಗಿಸುವುದರೊಳಗೆ ಕೊಟ್ಟಿದ್ದೇನೆ. ಒಂದು ಕೊರತೆಯನ್ನು ಹೇಳಲೇಬೇಕು: ತಿರುಗುವ ಡಿಸ್ಕುಗಳ ಮೇಲೆ ಪ್ರತಿಗಳ ಪರಿಶೀಲನೆ ಮತ್ತು ಬೇಡವಾದ ತುಂಡುಗಳ ಕಸ ಗುಡಿಸುವ ಕೆಲಸ ಬಹಳ ನಿಧಾನ. ಎಸ್‌ಎಸ್‌ಡಿ ಹಾಕಿ ಎಂದು ಅವರ ಕೈಪಿಡಿಯೇ ಹೇಳುತ್ತದೆ, ನಮ್ಮ ಅನುದಾನ ಹೇಳುವುದಿಲ್ಲ.

ಈಗ ಆ ಅಳೆಯುವ ಕೋಲಿನ ವಿಚಾರ. ಕಳೆದ ವರ್ಷ ಒಂದು ಭಾನುವಾರ ಶಿರಾದಲ್ಲಿ ಸಂಬಂಧಿಕರ ಮದುವೆಗೆ ಹೋಗಿದ್ದೆ. ಊಟದ ಎಲೆ ಹಾಕಿ ಪಲ್ಯ ಬಡಿಸುವ ಹೊತ್ತಿಗೆ ಸಹಾಯಕರ ಫೋನು ಬಂತು. ಕರೆಂಟ್ ಹೋಗಿ ಬಂದ ಮೇಲೆ ಶಿಂಷಾ ಎದ್ದಿಲ್ಲ, ಗುಂಡಿ ಒತ್ತಿದರೆ ದೀಪ ಮಿನುಗಿ ಆರುತ್ತದೆ, ಅಂಕಗಳನ್ನು ದಾಖಲಿಸುವ ವಿಂಡೋಸ್ ಸರ್ವರ್ ಇದ್ದದ್ದು ಅದರ ಮೇಲೆಯೇ. ಅಂಕ ದಾಖಲಿಸಲು ಉಳಿದಿದ್ದು ಎರಡು ದಿನ, ಮೇಷ್ಟ್ರುಗಳು ಬಂದು ಕುಳಿತಿದ್ದರು. ಮದರ್‌ಬೋರ್ಡು ಹೋಗಿದೆ ಎಂಬುದು ಆಮೇಲೆ ಗೊತ್ತಾಯಿತು. ಚಿಂತೆ ಬೇಡ, ಬ್ಯಾಕಪ್‌ನಿಂದ ಜಯಮಂಗಲಿಯ ಮೇಲೆ ರೀಸ್ಟೋರ್ ಮಾಡಿ ಎಂದೆ. ಅವರು ಒತ್ತಿದರು, ಒಂದು ಸಂದೇಶ ಬಂತು, ಅದನ್ನು ಅಕ್ಷರ ಅಕ್ಷರವಾಗಿ ಓದಿದರು. ಕ್ಲಸ್ಟರ್ ಸಿದ್ಧವಿಲ್ಲ, ಕೋರಂ ಇಲ್ಲವೇ ಎಂದು ಅದು ಕೇಳುತ್ತಿತ್ತು.

ಗ್ರಾಮ ಪಂಚಾಯಿತಿಯ ಸಭೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸದಸ್ಯರು ಸಾಕಷ್ಟು ಬಾರದಿದ್ದರೆ ಸಭೆ ಯಾವ ನಿರ್ಣಯವನ್ನೂ ಮಾಡುವಂತಿಲ್ಲ. ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್‌ನಲ್ಲಿ ಪ್ರತಿ ಸರ್ವರ್‌ಗೂ ಒಂದು ಮತ, ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಇಬ್ಬರೇ ಸದಸ್ಯರಿರುವಲ್ಲಿ ಒಬ್ಬ ಬಾರದಿದ್ದರೆ ಉಳಿದವನದು ಸರಿಯಾಗಿ ಅರ್ಧ, ಅಂದರೆ ಸಾಲದು. ಆಗಲೇ ಓಡುತ್ತಿರುವ ವಿಎಂಗಳು ಓಡುತ್ತಲೇ ಇರುತ್ತವೆ, ಆದರೆ ಹೊಸದನ್ನು ಶುರುಮಾಡಲು, ಸೆಟ್ಟಿಂಗ್ಸ್ ಬದಲಿಸಲು, ರೀಸ್ಟೋರ್ ಮಾಡಲು ಅದು ಬಿಡುವುದಿಲ್ಲ. ಇದು ದೋಷವಲ್ಲ: ಎರಡು ಸರ್ವರ್‌ಗಳು ಪರಸ್ಪರ ಕಾಣದೆ ಒಂದೇ ವಿಎಂ ಅನ್ನು ಎರಡೂ ಕಡೆ ಎಬ್ಬಿಸಿದರೆ ಆಗುವ ಅನಾಹುತ ಇದಕ್ಕಿಂತ ದೊಡ್ಡದು. ಮೂರನೆಯ ಮತಕ್ಕೆ ಏನಾದರೂ ವ್ಯವಸ್ಥೆ ಮಾಡಿ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಓದಿದ್ದೆ, ಬೇಸಿಗೆ ರಜೆಯಲ್ಲಿ ಮಾಡೋಣ ಎಂದು ಬಿಟ್ಟಿದ್ದೆ.

ಇಂಥ ಸ್ಥಿತಿಗೆ ಒಂದೇ ಸಾಲಿನ ಆದೇಶವಿದೆ: ಪಿವಿಇಸಿಎಂ ಎಕ್ಸ್‌ಪೆಕ್ಟೆಡ್ 1. ಈ ಸಭೆಗೆ ಒಬ್ಬನೇ ಸದಸ್ಯ ಎಂದು ತಿಳಿ ಎಂಬುದು ಅದರ ಅರ್ಥ. ಓಲಗದ ಸದ್ದಿನ ನಡುವೆ ‘ಪಿ ಫಾರ್ ಪುಟ್ಟ’ ಎಂದು ನಾನು ಕೂಗುತ್ತಾ, ಅವರು ಒಂದೊಂದೇ ಅಕ್ಷರ ಹೊಡೆಯುತ್ತಾ ಎರಡನೆಯ ಪ್ರಯತ್ನಕ್ಕೆ ಅದು ಒಪ್ಪಿತು. ಶಿಂಷಾ ನಿಜವಾಗಿಯೂ ಸತ್ತಿದೆ ಎಂದು ಖಚಿತವಿದ್ದಾಗ ಮಾತ್ರ ಹೀಗೆ ಮಾಡಬೇಕು. ಮೊದಲು ಅದರ ವಿದ್ಯುತ್ ತಂತಿ ಕಿತ್ತಿಡಿ ಎಂದು ಹೇಳಿಯೇ ಮಾಡಿಸಿದೆ. ಮುಂದಿನದು ಸಲೀಸು. ಆ ವಿಎಂನ ಹಳೆಯ ಸಂಖ್ಯೆ 104 ಸತ್ತ ಸರ್ವರ್‌ನ ಹೆಸರಿನಲ್ಲೇ ಉಳಿದಿದ್ದರಿಂದ 204 ಎಂಬ ಹೊಸ ಸಂಖ್ಯೆ ಕೊಟ್ಟು ರೀಸ್ಟೋರ್ ಮಾಡಿದರು. ಆ ವಾರ ಎರಡು ಗಂಟೆಗೊಮ್ಮೆ ಬ್ಯಾಕಪ್ ತೆಗೆಯುವಂತೆ ಇಟ್ಟಿದ್ದರಿಂದ ಬೆಳಿಗ್ಗೆ 10ರ ಪ್ರತಿ ಸಿಕ್ಕಿತು. ಆಮೇಲೆ ದಾಖಲಿಸಿದ ನಲವತ್ತು ಚಿಲ್ಲರೆ ಅಂಕಗಳನ್ನು ಮೇಷ್ಟ್ರುಗಳು ಗೊಣಗುತ್ತಲೇ ಮತ್ತೆ ಬರೆದರು. ನಾನು ಪಾಯಸಕ್ಕೆ ಮರಳುವ ಹೊತ್ತಿಗೆ ನನ್ನ ಪಂಕ್ತಿ ಎದ್ದುಹೋಗಿತ್ತು.

ಸರ್ವರ್ ಸತ್ತಾಗ ವಿಎಂಗಳನ್ನು ತಾನಾಗಿಯೇ ಇನ್ನೊಂದರ ಮೇಲೆ ಎಬ್ಬಿಸುವ ಎಚ್‌ಎ ಸೌಲಭ್ಯವನ್ನು ನಾವು ಚಾಲೂ ಮಾಡಿರಲಿಲ್ಲ, ಅದು ಅದೃಷ್ಟ. ಮಾಡಿದ್ದರೆ ಕೋರಂ ಕಳೆದುಕೊಂಡ ಜಯಮಂಗಲಿ ಒಂದು ನಿಮಿಷ ಕಾದು ತನ್ನನ್ನೇ ರೀಬೂಟ್ ಮಾಡಿಕೊಂಡು, ಓಡುತ್ತಿದ್ದ ಉಳಿದ ವಿಎಂಗಳನ್ನೂ ಕೆಡವುತ್ತಿತ್ತು. ಎರಡೇ ಸರ್ವರ್ ಇರುವವರು, ಮೂರನೆಯ ಮತವಿಲ್ಲದೆ ಆ ಸೌಲಭ್ಯವನ್ನು ಚಾಲೂ ಮಾಡಲೇಬಾರದು. ಮರುವಾರವೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೊಂದನ್ನು ತಂದು, ಕ್ಯೂಡಿವೈಸ್, ಅಂದರೆ ಮೂರನೆಯ ಮತದಾರನಾಗಿ ಸೇರಿಸಿದೆ. ಅಂಗೈಯಗಲದ ಆ ಹಲಗೆ ವಿಎಂಗಳನ್ನು ನಡೆಸುವುದಿಲ್ಲ, ಮತ ಹಾಕುವುದಷ್ಟೇ ಅದರ ಕೆಲಸ. ಅದಕ್ಕೆ ಚಿಲುಮೆ ಎಂದು ಹೆಸರು.

ಇನ್ನು ವಿದ್ಯುತ್ತು. 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಪಾವಗಡದಲ್ಲಿದೆ, ನಮ್ಮದೇ ಜಿಲ್ಲೆ. ಆದರೂ ಯುಪಿಎಸ್ ಇಲ್ಲದೆ ಸರ್ವರ್ ಕೊಠಡಿ ನಡೆಸುವ ಧೈರ್ಯ ನನಗಿಲ್ಲ. ಪ್ರಾಕ್ಸ್‌ಮಾಕ್ಸ್‌ನ ಪರದೆಯಲ್ಲಿ ಯುಪಿಎಸ್‌ಗೆಂದು ಯಾವ ಪುಟವೂ ಇಲ್ಲ, ಇರಬೇಕಿತ್ತು. ಆದರೆ ಅಡಿಯಲ್ಲಿ ಡೆಬಿಯನ್ ಇರುವುದರಿಂದ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಹಾಕಿಕೊಂಡು, ಯುಪಿಎಸ್‌ನ ಯುಎಸ್‌ಬಿ ತಂತಿ ಸಿಕ್ಕಿಸಿ, ಬ್ಯಾಟರಿ ಕುಸಿದಾಗ ಎಲ್ಲವೂ ಕ್ರಮವಾಗಿ ಆರುವಂತೆ ಮಾಡಬಹುದು. ಎಬ್ಬಿಸುವಾಗ ಯಾವುದು ಮೊದಲು ಎಂದು ಸಂಖ್ಯೆ ಕೊಟ್ಟರೆ, ಮಲಗಿಸುವಾಗ ಅದರ ತಿರುಗುಮುರುಗು ನಡೆಯುತ್ತದೆ. ಯಂತ್ರಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ನಮ್ಮ ಡಿಎನ್‌ಎಸ್ ಮೊದಲು ಏಳುತ್ತದೆ, ಕೊನೆಗೆ ಮಲಗುತ್ತದೆ. ಪ್ರತಿ ವಿಎಂಗೂ ಆರಲು 180 ಸೆಕೆಂಡಿನ ಗಡುವಿದೆ. ಅಪ್‌ಡೇಟ್ ಹಾಕಿಕೊಳ್ಳುತ್ತಿರುವ ವಿಂಡೋಸ್‌ಗೆ ಅದು ಸಾಲದು, ಹೆಚ್ಚಿಸಿಕೊಳ್ಳಿ.

ಹಣದ ಮಾತು. ತಂತ್ರಾಂಶ ಉಚಿತ, ಯಾವ ಸೌಲಭ್ಯಕ್ಕೂ ಬೀಗವಿಲ್ಲ. ಚಂದಾ ಕಟ್ಟುವುದು ಹೆಚ್ಚು ಪರೀಕ್ಷೆಗೊಳಪಟ್ಟ ಅಪ್‌ಡೇಟ್‌ಗಳಿಗೆ ಮತ್ತು ಮೇಲಿನ ಹಂತಗಳಲ್ಲಿ ಅವರ ನೆರವಿಗೆ. ಕಟ್ಟದವರು ಲಾಗಿನ್ ಆದಾಗಲೆಲ್ಲ ಚಂದಾ ಇಲ್ಲ ಎಂಬ ಪೆಟ್ಟಿಗೆಯೊಂದು ಎದುರಾಗುತ್ತದೆ. ವಿಭಾಗದ ಮುಖ್ಯಸ್ಥರು ಒಮ್ಮೆ ಅದನ್ನು ನೋಡಿ ನಾವು ಕಳ್ಳ ಪ್ರತಿ ಬಳಸುತ್ತಿದ್ದೇವೆಯೇ ಎಂದು ಗಾಬರಿಯಾಗಿದ್ದರು. ದರ ಪ್ರತಿ ಸಿಪಿಯು ಸಾಕೆಟ್‌ಗೆ, ವರ್ಷಕ್ಕೆ. ಅತಿ ಕೆಳಗಿನ ಹಂತವೇ ನೂರು ಯೂರೋಗಿಂತ ಹೆಚ್ಚು. ನಮ್ಮ ಎರಡು ಸರ್ವರ್‌ಗಳಲ್ಲಿ ನಾಲ್ಕು ಸಾಕೆಟ್‌ಗಳಿವೆ. ಆ ಹಂತದಲ್ಲಿ ಅಪ್‌ಡೇಟ್ ಸಿಗುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗುವ ಹಂತ ಕೊಂಡರೂ ಅದು ಆಸ್ಟ್ರಿಯಾದ ಕೆಲಸದ ದಿನಗಳಿಗೆ ಸೀಮಿತ, ಚಳಿಗಾಲದಲ್ಲಿ ವಿಯೆನ್ನಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನಮ್ಮ ಕಚೇರಿ ತೆರೆಯುವ ಹತ್ತು ಗಂಟೆಗೆ ಅಲ್ಲಿ ಇನ್ನೂ ಬೆಳಗಿನ ಐದೂವರೆ. ಆದರೂ ಕೆಳಹಂತದ ಚಂದಾ ಕಟ್ಟುವುದು ಸರಿ ಎಂಬುದೇ ನನ್ನ ಅಭಿಪ್ರಾಯ, ಟಿಪ್ಪಣಿ ಮಂಡಿಸಿದ್ದೇನೆ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಅಲ್ಲಿಯವರೆಗೆ ಉಚಿತ ಭಂಡಾರದ ಅಪ್‌ಡೇಟ್‌ಗಳನ್ನು ಮೊದಲು ಶಿಂಷಾಗೆ ಹಾಕಿ, ಒಂದು ವಾರ ನೋಡಿ, ಆಮೇಲೆ ಜಯಮಂಗಲಿಗೆ ಹಾಕುತ್ತೇನೆ.

2025ರ ಆಗಸ್ಟ್‌ನಲ್ಲಿ ಡೆಬಿಯನ್ 13ರ ಮೇಲೆ ನಿಂತ 9ನೇ ಆವೃತ್ತಿ ಬಂತು. ದಸರಾ ರಜೆಯಲ್ಲಿ ಏರಿಸಿದೆವು. ಏರಿಸುವ ಮುನ್ನ ಏನೇನು ಸರಿಯಿಲ್ಲ ಎಂದು ಪಟ್ಟಿ ಮಾಡಿ ಕೊಡುವ ಪಿವಿಇ8ಟು9 ಎಂಬ ಪರೀಕ್ಷಕ ಅವರೇ ಕೊಟ್ಟಿದ್ದಾರೆ. ಅದು ತೋರಿಸಿದ ಎರಡು ಎಚ್ಚರಿಕೆಗಳನ್ನು ತಿದ್ದಿದ ಮೇಲೆ ಬೇರೆ ಏನೂ ನಡೆಯಲಿಲ್ಲ.

ಒಂದೇ ಸರ್ವರ್ ಇರುವ ಕಾಲೇಜಿನವರು ಕ್ಲಸ್ಟರ್‌ನ ಗೋಜಿಗೆ ಹೋಗದೆ ಒಂದು ಪ್ರಾಕ್ಸ್‌ಮಾಕ್ಸ್, ಒಂದು ಬ್ಯಾಕಪ್ ಸರ್ವರ್ ಇಟ್ಟುಕೊಂಡರೆ ಸುಖವಾಗಿರುತ್ತಾರೆ. ಲಿನಕ್ಸ್‌ನ ಕಪ್ಪು ಪರದೆ ಕಂಡರೆ ಹಿಂದೆ ಸರಿಯುವವರಿಗೆ ಇದನ್ನು ನಾನು ಸೂಚಿಸಲಾರೆ, ಏಕೆಂದರೆ ಬ್ರೌಸರ್ ಪರದೆ ನೂರಕ್ಕೆ ತೊಂಬತ್ತು ದಿನ ಸಾಕು, ಉಳಿದ ಹತ್ತು ದಿನ ಸಾಲದು. ನಮ್ಮಲ್ಲಿ ಆ ಹತ್ತು ದಿನಗಳಿಗೆಂದು ಸಹಾಯಕರು ನೂರು ಪುಟದ ನೋಟ್‌ಬುಕ್ ಒಂದನ್ನು ಇಟ್ಟಿದ್ದಾರೆ. ತಿಂಗಳ ಮೊದಲ ಶನಿವಾರ ಯಾವುದಾದರೂ ಒಂದು ವಿಎಂ ಅನ್ನು ಬೇರೆ ಸಂಖ್ಯೆಗೆ ರೀಸ್ಟೋರ್ ಮಾಡಿ, ನೆಟ್‌ವರ್ಕ್ ಕಿತ್ತು ಎಬ್ಬಿಸಿ ನೋಡಿ, ತೆಗೆದುಕೊಂಡ ನಿಮಿಷಗಳನ್ನು ಬರೆಯುತ್ತಾರೆ. ಶಿರಾದ ದಿನದ ಪುಟದಲ್ಲಿ ಆ ಒಂದು ಸಾಲಿನ ಆದೇಶವಿದೆ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಮೊದಲು ತಂತಿ ಕೀಳುವುದು’ ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ.